ಎಲ್ಲರೆದುರು ತೆಗೆದ ಚಿತ್ರ

ಯಮುನಾಬಾಯಿ ತಮ್ಮ ಹನ್ನೊಂದು ವರ್ಷದ ಶಾಲೆಯ ನೌಕರಿಯಲ್ಲಿ ಸುಳ್ಳು ಹೇಳಿದ್ದು ಒಂದೇ ಸಲ. ಅದನ್ನಾದರೂ ಮೂಲೆಯಲ್ಲಿ ನಿಂತು ಮೆಲ್ಲಗೆ ಹೇಳಿದರೇ? ಇಲ್ಲ. ಬೈಲಹೊಂಗಲದಲ್ಲಿ ಹತ್ತಿ ತುಂಬಿಡುವ ವಖಾರಿಯ ನಟ್ಟನಡುವೆ, ಇಪ್ಪತ್ತು ಜನ ಕೇಳುವ ಹಾಗೆ, ಸೆಟೆದು ನಿಂತು ಹೇಳಿದರು.

"ಹೌದ್ರಿ, ನೋಡೀನಿ. ಆ ಹುಡುಗಿ ನನ್ನ ಕಣ್ಣ ಮುಂದನ ಕೂತು ಈ ಚಿತ್ರ ತೆಗದಾಳ."

ನೋಡಿರಲಿಲ್ಲ. ದೀಪಾವಳಿ ಸೂಟಿಗೆ ಮೊದಲು ದೇಗಾಂವದ ತಮ್ಮ ಶಾಲೆಯ ಮಕ್ಕಳಿಗೆಲ್ಲ ಒಂದೊಂದು ದಪ್ಪ ಕಾಗದ ಕೊಟ್ಟು, "ನಿಮ್ಮ ಮನಸಿಗೆ ಬಂದದ್ದು ತೆಗಕೊಂಡು ಬರ್ರಿ" ಎಂದಿದ್ದರು, ಅಷ್ಟೆ. ಸೂಟಿ ಮುಗಿದ ದಿನ ಹತ್ತು ವರ್ಷದ ಶಟ್ಟೆವ್ವ ಕಾಗದವನ್ನು ಸುರುಳಿ ಸುತ್ತಿ ತಂದು ಮೇಜಿನ ಮೇಲಿಟ್ಟು, "ಮುಗೀತ್ರಿ ಅಕ್ಕೋರ" ಎಂದವಳೇ ಆಟಕ್ಕೆ ಓಡಿದ್ದಳು. ಸುರುಳಿ ಬಿಚ್ಚಿದ ಯಮುನಾಬಾಯಿ ಅರ್ಧ ತಾಸು ಕುರ್ಚಿ ಬಿಟ್ಟು ಏಳಲಿಲ್ಲ.

ಮಳೆಗಾಲದ ಎರೆಹೊಲದ ದಾರಿ. ಕೆಸರಿನಲ್ಲಿ ಅಚ್ಚಿನ ತನಕ ಹೂತುಹೋದ ಚಕ್ಕಡಿ. ಎತ್ತುಗಳೆರಡೂ ಮೊಣಕಾಲು ಮಡಚಿ, ಕೊರಳು ಚಾಚಿ ಜಗ್ಗುತ್ತಿವೆ. ಹಿಂದಿನಿಂದ ಆರು ಜನ ನೂಕುತ್ತಿದ್ದಾರೆ. ಅವರಲ್ಲೊಬ್ಬನ ಧೋತರ ಬಿಚ್ಚಿಹೋಗಿದೆ, ಪಾಪ, ಹಿಡಿದುಕೊಳ್ಳಲು ಕೈ ಬಿಡುವಿಲ್ಲ. ಚಕ್ಕಡಿಯ ಮೇಲೆ ಒಬ್ಬ ಮುದುಕಿ ಮಾತ್ರ ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಇಳಿಯುವುದಿಲ್ಲ ಅಂದರೆ ಇಳಿಯುವುದಿಲ್ಲ ಎಂದು ಕೂತುಬಿಟ್ಟಿದ್ದಾಳೆ. ಬಣ್ಣವೆಂದರೆ ಒಲೆಯ ಮಸಿ, ಗೋಡೆಗೆ ಬಳಿಯುವ ಕೆಂಪು ಹುರಮಂಜು, ಅಡುಗೆಯ ಅರಿಷಿಣ. ಯಮುನಾಬಾಯಿ ಒಬ್ಬರೇ ಕೂತು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಕಣ್ಣೊರೆಸಿಕೊಳ್ಳುವಾಗಲೇ ಮನಸ್ಸಿನ ಮೂಲೆಯಲ್ಲಿ ಒಂದು ಹುಳ ಹೊಕ್ಕಿತು. ಶಟ್ಟೆವ್ವನ ಅಜ್ಜಿ ಸೋಮವ್ವ ಹಬ್ಬ ಬಂತೆಂದರೆ ಊರವರ ಗೋಡೆಗಳ ಮೇಲೆ ಚಿತ್ರ ತೆಗೆಯುವ ಮುದುಕಿ. ಇದು ಮೊಮ್ಮಗಳ ಕೈಯೋ, ಅಜ್ಜಿಯ ಕೈಯೋ? ಕೇಳಿಬಿಡಬೇಕಿತ್ತು. ನಾಚಿಕೊಂಡು ಕೇಳಲಿಲ್ಲ.

ಈಗ ಅದನ್ನೇ ಬೈಲಹೊಂಗಲ ಶಾಲೆಯ ತ್ರ್ಯಂಬಕ ಮಾಸ್ತರರು ಎಲ್ಲರ ಮುಂದೆ ಕೇಳಿದ್ದರು.

ಅದು ೧೯೫೩ರ ಡಿಸೆಂಬರ್. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರು, ಅವುಗಳ ಸುತ್ತಲ ಹಳ್ಳಿಗಳ ಶಾಲೆಗಳ ಮಕ್ಕಳು ತೆಗೆದ ಚಿತ್ರಗಳನ್ನೆಲ್ಲ ಒಂದೇ ಸೂರಿನಡಿ ತೂಗುಹಾಕಿ ಊರಿಗೆಲ್ಲ ತೋರಿಸುವುದೆಂದು ಹತ್ತಿ ವ್ಯಾಪಾರಿ ನಿಜಗುಣಪ್ಪ ಸಾವಕಾರರು ಹಟ ಹಿಡಿದಿದ್ದರು. ಚಿತ್ರಕ್ಕೂ ಅವರಿಗೂ ಅಲ್ಲಿಯವರೆಗೆ ಯಾವ ನಂಟೂ ಇರಲಿಲ್ಲ. ಪುಣೆಯಲ್ಲಿ ಅಳಿಯನ ಮನೆಗೆ ಹೋದಾಗ ಅಲ್ಲೊಂದು ಮಕ್ಕಳ ಪ್ರದರ್ಶನ ನೋಡಿ, ಪುಣೆಯ ಹುಡುಗರಿಗೆ ಏನು ಎರಡು ಕೈ ಹೆಚ್ಚಿಗೆ ಇವೆಯೇ ಎಂದು ಸಿಟ್ಟಿಗೆದ್ದು ಬಂದಿದ್ದರು. ಹೊಸ ಹತ್ತಿ ಬರುವ ತನಕ ಖಾಲಿ ಬಿದ್ದಿರುವ ತಮ್ಮ ವಖಾರಿಗೆ ಸುಣ್ಣ ಹೊಡೆಸಿ, ಗೋಡೆಯುದ್ದಕ್ಕೂ ಹಗ್ಗ ಕಟ್ಟಿಸಿ, "ತೂಗಹಾಕ್ರಿ, ಇನ್ನ ನಂದೇನೂ ಇಲ್ಲ" ಎಂದಿದ್ದರು. ಹೇಳಿದ್ದು ಹಾಗೆ, ಒಂದೊಂದು ಮೊಳೆ ಹೊಡೆಯುವಾಗಲೂ ಅವರ ಒಂದೊಂದು ಸಲಹೆ ಇದ್ದೇ ಇರುತ್ತಿತ್ತು.

ನೂರರವತ್ತು ಚಿತ್ರ ಬಂದಿದ್ದವು. ಕಿತ್ತೂರಿನ ಹುಡುಗರು ಇಪ್ಪತ್ತೆಂಟು ಕುದುರೆ ಕಳಿಸಿದ್ದರು. ಇಪ್ಪತ್ತೆಂಟಕ್ಕೂ ಒಂದೇ ಮೋರೆ. ರಾಮದುರ್ಗದ ನೇಕಾರರ ಮಕ್ಕಳು ಸೀರೆಯ ಸೆರಗುಗಳನ್ನು ಎಷ್ಟು ಹುರುಪಿನಿಂದ ತೆಗೆದಿದ್ದರೆಂದರೆ ನೋಡಲು ಬಂದ ಹೆಂಗಸರು ಕಾಗದವನ್ನು ಮುಟ್ಟಿ ಮುಟ್ಟಿ ನೋಡಿದರು. ಸವದತ್ತಿಯ ಒಬ್ಬ ಹುಡುಗ ತನ್ನ ಮಾಸ್ತರರು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುವುದನ್ನು ತೆಗೆದಿದ್ದ, ಅದನ್ನು ಆ ಮಾಸ್ತರರೇ ಹೆಮ್ಮೆಯಿಂದ ಹೊತ್ತು ತಂದಿದ್ದರು. ಬೈಲಹೊಂಗಲದ್ದೆಲ್ಲ ತಂಬಿಗೆ, ಮಾವಿನಕಾಯಿ, ಬಾಗಿಲ ಮೂಲೆಯ ಕೊಡೆ. ಅಲ್ಲಿಯ ಚಿತ್ರಕಲೆಯ ಗುರುಗಳು ತ್ರ್ಯಂಬಕ ಮಾಸ್ತರರು. ಮುಂಬಯಿಯ ಚಿತ್ರಕಲಾ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದವರು, ತಂಬಿಗೆಯ ನೆರಳು ಒಂದು ಕೂದಲೆಳೆ ಆಚೀಚೆಯಾದರೂ ಊಟ ಸೇರದವರು. ಕೆಟ್ಟವರಲ್ಲ. ಆದರೆ ತಮಗೆ ತಿಳಿಯದ ಚಿತ್ರವೊಂದು ಜಗತ್ತಿನಲ್ಲಿ ಇರಬಹುದು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಉದ್ಘಾಟನೆಯ ಹಿಂದಿನ ದಿನ ಚಿತ್ರ ತೂಗುಹಾಕುವಾಗ ಚಕ್ಕಡಿಯ ಮುಂದೆ ಬಂದ ಮಾಸ್ತರರು ಅಲ್ಲೇ ನಿಂತುಬಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಯಮುನಾಬಾಯಾರ, ಇದು ಹತ್ತು ವರ್ಷದ ಹುಡುಗಿ ಕೈ ಅಲ್ಲ. ಎತ್ತಿನ ಮೊಣಕಾಲ ನೋಡ್ರಿ, ನನ್ನ ಮೆಟ್ರಿಕ್ ಹುಡುಗರಿಗೂ ಹೀಂಗ ಬರೂದಿಲ್ಲ. ಮನ್ಯಾಗ ಯಾರೋ ದೊಡ್ಡವರು ತೆಗದು ಕೊಟ್ಟಾರ. ನೀವೇನು ಕಣ್ಣಾರೆ ನೋಡೀರೇನು?"

ಆಗ ಬಂದದ್ದು ಆ ಸುಳ್ಳು. ಹಳ್ಳಿಯ ಹುಡುಗಿ, ಹಳ್ಳಿಯ ಶಾಲೆ ಎಂದು ಅವರ ದನಿಯಲ್ಲಿದ್ದ ತಾತ್ಸಾರಕ್ಕೆ ಯಮುನಾಬಾಯಿಗೆ ನಖಶಿಖಾಂತ ಉರಿದುಹೋಗಿತ್ತು. ಮಾಸ್ತರರು ನಂಬಲಿಲ್ಲ, ಆದರೆ ಒಬ್ಬ ಹೆಣ್ಣುಮಗಳು ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಎದುರಾಡಲೂ ಇಲ್ಲ. "ಆತು ಬಿಡ್ರಿ, ನಾಳೆ ದೊಡ್ಡವರು ಬರ್ತಾರ, ಅವರ ಹೇಳ್ಲಿ" ಎಂದು ಮುಂದಿನ ಸಾಲಿಗೆ ಹೋದರು.

ದೊಡ್ಡವರು ಎಂದರೆ ಬಾಳಕೃಷ್ಣರಾಯರು, ಮೂವತ್ತು ವರ್ಷ ಮುಂಬಯಿಯಲ್ಲಿ ಚಿತ್ರ ಕಲಿಸಿ ನಿವೃತ್ತಿಯಾಗಿ ಬೆಳಗಾವಿಗೆ ಬಂದಿದ್ದ ಕಲಾವಿದರು. ಮರುದಿನದ ಉದ್ಘಾಟಕರೂ ಅವರೇ. ಸವದತ್ತಿಯಲ್ಲಿದ್ದ ಮಗಳ ಮನೆಗೆ ಹೊರಟವರು ದಾರಿಯಲ್ಲೇ ಊರು ಸಿಕ್ಕಿತೆಂದು ಅಂದೇ ಮಧ್ಯಾಹ್ನ ವಖಾರಿಗೆ ಒಂದು ಗಳಿಗೆ ಬಂದರು. ನಿಜಗುಣಪ್ಪನವರು ಚಹಾ ತರಿಸಲು ಹೊರಗೆ ಹೋಗಿದ್ದರು, ಮಾಸ್ತರರು ಹಗ್ಗ ತರಲು ಪೇಟೆಗೆ ಹೋಗಿದ್ದರು. ರಾಯರು ಒಬ್ಬರೇ ಸುತ್ತು ಹಾಕಿದರು. ಅಷ್ಟರಲ್ಲಿ ನಾಲ್ಕು ಗಂಟೆಯ ಸವದತ್ತಿ ಮೋಟಾರು ಹಾರ್ನ್ ಹೊಡೆಯಿತು. ಗಡಿಬಿಡಿಯಲ್ಲಿ ಒಂದು ಚೀಟಿ ಬರೆದು, ಬಾಗಿಲಲ್ಲಿ ನಿಂತ ಆಳಿನ ಕೈಗೆ ಕೊಟ್ಟು ಓಡಿ ಮೋಟಾರು ಹತ್ತಿದರು.

ನಿಜಗುಣಪ್ಪನವರು ಚೀಟಿಯನ್ನು ಮೂರು ಸಲ ಓದಿದರು. ಮೂರನೆಯ ಸಲ ಅವರ ಮುಖ ಸಪ್ಪಗಾಗಿತ್ತು. ಮಾಸ್ತರರನ್ನೂ ಯಮುನಾಬಾಯಿಯನ್ನೂ ಕರೆದು ಚೀಟಿಯನ್ನು ಮುಂದೆ ಹಿಡಿದರು.

"ದೇಗಾಂವದ ಚಕ್ಕಡಿಯ ಚಿತ್ರ ನೋಡಿದೆ. ಉದ್ಘಾಟನೆಗೆ ಮೊದಲು, ಎಲ್ಲರೆದುರು, ಆ ಹುಡುಗಿಯ ಕೈಯಿಂದಲೇ ಚಿತ್ರ ತೆಗೆಸಬೇಕು. ಮರೆಯಬಾರದು."

ಯಮುನಾಬಾಯಿಯ ಕಣ್ಣು ಹಗ್ಗಕ್ಕೆ ತೂಗುತ್ತಿದ್ದ ಚಕ್ಕಡಿಯ ಕಡೆ ಹೋಯಿತು.

"ನಾ ಹೇಳ್ಲಿಲ್ಲೇನ್ರಿ?" ಎಂದರು ಮಾಸ್ತರರು. ಅವರ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ, ಅದನ್ನು ಹೇಳಲೇಬೇಕು. "ಅವರು ಒಂದ ನೋಟಕ್ಕ ಹಿಡದಾರ. ಆದ್ರೂ ಸಣ್ಣ ಹುಡುಗಿ ಕೈಲೆ, ಅದೂ ಎಲ್ಲಾರ ಮುಂದ ತೆಗಸೂದಂದ್ರ..."

"ಸಾವಕಾರ್ರ, ನಾನ ಈಗ ಇಳಸ್ತೀನಿ," ಎಂದರು ಯಮುನಾಬಾಯಿ. "ಸುರುಳಿ ಸುತ್ತಿಕೊಂಡು ಹೋಗ್ತೀನಿ. ಯಾರಿಗೂ ಗೊತ್ತಾಗೂದು ಬ್ಯಾಡ."

"ಹೆಂಗ ಬರ್ತೈತ್ರಿ ಅಕ್ಕೋರ? ಎಲ್ಲಾರ ಎದುರಿಗೆ ಅಂತ ಬರದಾರ, ಮರೀಬಾರದು ಅಂತ ಬ್ಯಾರೆ ಬರದಾರ. ಅಷ್ಟು ದೊಡ್ಡ ಮನುಷ್ಯಾರನ್ನ ಕರಿಸಿ ಅವರ ಮಾತ ಮೀರಾಕ ಆಕ್ಕೇತೇನು? ನನಗೂ ಕರುಳ ಚುರ್ ಅಂತೈತಿ. ಆದ್ರ ಏನ ಮಾಡೂದು?"

ಸಂಜೆ ಯಮುನಾಬಾಯಿ ಅದೇ ಊರಿನಲ್ಲಿದ್ದ ಸೋಮವ್ವನ ತಂಗಿಯ ಮನೆಗೆ ಹೋದರು. ಅಜ್ಜಿ, ಮೊಮ್ಮಗಳು ಅಲ್ಲೇ ಇಳಿದುಕೊಂಡಿದ್ದರು. ಮೂರು ಮಾತು ಹೇಳಿ ಬರಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದರು. ಪಡಸಾಲೆಯಲ್ಲಿ ಶಟ್ಟೆವ್ವ ನಾಳೆ ಉಡುವ ಹೊಸ ಪರಕಾರವನ್ನು ಮಡಿಚಿ ತಲೆದಿಂಬಿನ ಕೆಳಗಿಟ್ಟು, ಬೆಳಗಾಗುವಷ್ಟರಲ್ಲಿ ಇಸ್ತ್ರಿಯಾಗಲೆಂದು ಅದರ ಮೇಲೆ ತಾನೇ ಕೂತಿದ್ದಳು.

"ಅಕ್ಕೋರ, ನಾಳಿಗೆ ನನ್ನ ಚಿತ್ರಾ ಎಷ್ಟ ಮಂದಿ ನೋಡ್ತಾರ್ರಿ? ನೂರ ಮಂದಿ?"

"ಹೆಚ್ಚಿಗೇನ ನೋಡ್ತಾರ," ಎಂದರು ಯಮುನಾಬಾಯಿ. ಬಾಯಿಪಾಠ ಮಾಡಿದ್ದು ಅಲ್ಲಿಗೆ ಮುಗಿಯಿತು.

ಖರೆ ಹೇಳು, ನೀನೇ ತೆಗೆದೆಯಾ ಎಂದು ಕೇಳುವುದು ಎಷ್ಟು ಹೊತ್ತಿನ ಕೆಲಸ? ಆದರೆ ಕೇಳಿದ ಗಳಿಗೆಯಲ್ಲೇ ಆ ಮುಖದ ಬೆಳಕು ಆರಿಹೋಗುತ್ತದೆ. ಹುಡುಗಿಯೇ ತೆಗೆದಿದ್ದರೆ ಆ ಪ್ರಶ್ನೆಯಷ್ಟು ದೊಡ್ಡ ಪಾಪ ಇನ್ನೊಂದಿಲ್ಲ. ತೆಗೆದಿರದಿದ್ದರೆ? ಅದನ್ನು ಯೋಚಿಸುವುದೂ ಅವರಿಗೆ ಬೇಡವಾಗಿತ್ತು. ಬೆಳಗಿನ ಮೋಟಾರಿಗೇ ಇಬ್ಬರನ್ನೂ ಊರಿಗೆ ಕಳಿಸಿಬಿಡಲೇ ಎಂದೂ ಅನಿಸಿತು. ಹೋದರೆ ಓಡಿಹೋದರು ಎನ್ನುತ್ತಾರೆ. ಹತ್ತು ವರ್ಷದ ಕೂಸು ನಾಲ್ಕು ಊರಿನವರ ಮುಂದೆ ಕಳ್ಳಿಯ ಹಾಗೆ ತನ್ನ ಚಿತ್ರವನ್ನು ತಾನೇ ಕಿತ್ತುಕೊಂಡು ಇಳಿದರೆ, ಆಮೇಲೆ ಆ ಕೈ ಮತ್ತೆ ಬಣ್ಣ ಮುಟ್ಟುತ್ತದೆಯೇ? ಸೋಮವ್ವ ಕೊಟ್ಟ ಮಜ್ಜಿಗೆ ಕುಡಿದು, ಅದು ಸಿಹಿಯೋ ಹುಳಿಯೋ ತಿಳಿಯದೆ, ಯಮುನಾಬಾಯಿ ಎದ್ದು ಬಂದರು.

ಮರುದಿನ ಹತ್ತು ಗಂಟೆಗೆ ವಖಾರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ರುಮಾಲಿನವರು, ಟೋಪಿಯವರು, ಸೆರಗು ಹೊದ್ದವರು, ತಮ್ಮ ತಮ್ಮ ಮಕ್ಕಳ ಚಿತ್ರ ಹುಡುಕುತ್ತ ಗದ್ದಲವೋ ಗದ್ದಲ. "ನಮ್ಮ ಹುಡುಗನ ಕುದುರಿ ಯಾವ್ದು?" ಎಂದು ಕಿತ್ತೂರಿನ ಒಬ್ಬ ತಾಯಿ ಇಪ್ಪತ್ತೆಂಟು ಕುದುರೆಗಳ ಮುಂದೆ ಕಂಗಾಲಾಗಿ ನಿಂತಿದ್ದಳು. ಬಾಳಕೃಷ್ಣರಾಯರ ಮೋಟಾರು ಮಾತ್ರ ಇನ್ನೂ ಬಂದಿರಲಿಲ್ಲ. ನಿಜಗುಣಪ್ಪನವರು ಮೂರು ಸಲ ಬಾಗಿಲಿಗೆ ಹೋಗಿ ಬಂದರು. ಕೊನೆಗೆ ಈ ಬೇಡವಾದ ಕೆಲಸ ಅವರು ಬರುವ ಮೊದಲೇ ಮುಗಿದರೆ ಒಳ್ಳೆಯದೆಂದು ಗಟ್ಟಿ ಮನಸ್ಸು ಮಾಡಿ ರಾಯರಿಗೆಂದು ಹಾಕಿದ್ದ ಕುರ್ಚಿಯ ಪಕ್ಕ ನಿಂತರು.

"ದೇಗಾಂವದ ಶಟ್ಟೆವ್ವ ಯಾರವಾ? ಮುಂದ ಬಾ."

ಹೊಸ ಪರಕಾರ ಉಟ್ಟ ಶಟ್ಟೆವ್ವ ಮುಂದೆ ಬಂದು ನಿಂತಳು. ಜನ ಸುಮ್ಮನಾದರು. ನಿಜಗುಣಪ್ಪನವರು ಹುಡುಗಿಯ ಮುಖ ನೋಡಲಾರದೆ ತಮ್ಮ ಕೈಬೆತ್ತ ನೋಡುತ್ತ ಹೇಳಿದರು:

"ನೋಡವಾ, ದೊಡ್ಡವರು ಹೇಳ್ಯಾರ. ನೀ ಎಲ್ಲಾರ ಮುಂದ ಚಿತ್ರ ತೆಗೀಬೇಕಂತ."

"ಈಗನ ತೆಗೀಲೇನ್ರಿ?"

"ಹೂಂ, ಈಗನ."

"ಯಾರದ ತೆಗೀಲ್ರಿ?"

"ನಿಂದ, ಮತ್ತ್ಯಾರದ? ನಿನ್ನ ಚಿತ್ರಾ ತೆಗಿ."

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಮುನಾಬಾಯಿ ಎದ್ದರು. ಏಳಬೇಕೆಂದು ಅವರು ಯೋಚಿಸಿರಲಿಲ್ಲ, ಕಾಲುಗಳೇ ಎದ್ದವು. ಜನರ ನಡುವೆ ಜಾಗ ಮಾಡಿಕೊಂಡು ಬಂದು ಚಕ್ಕಡಿಯ ಚಿತ್ರಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತರು.

"ಈ ಚಿತ್ರಕ್ಕ ಯಾರೂ ಕೈ ಹಚ್ಚಬ್ಯಾಡ್ರಿ. ಮಾಸ್ತರ, ನಿನ್ನೆ ನಾ ನಿಮಗ ಸುಳ್ಳ ಹೇಳಿದೆ. ಈಕಿ ತೆಗಿಯೂದನ್ನ ನಾ ನೋಡಿಲ್ಲ."

ವಖಾರಿಯ ತುಂಬ ಗುಸುಗುಸು ಎದ್ದಿತು. ಮಾಸ್ತರರು ಬಾಯಿ ತೆರೆದರು. ಯಮುನಾಬಾಯಿ ಅವರಿಗೆ ಅವಕಾಶ ಕೊಡಲಿಲ್ಲ.

"ನೋಡಿಲ್ಲ, ಖರೆ. ಸುಳ್ಳ ಹೇಳಿದ್ದಕ್ಕ ನನ್ನ ಮ್ಯಾಲೆ ಮ್ಯಾಲಿನವರಿಗೆ ಬರೀರಿ, ನೌಕರಿ ಹೋದ್ರ ಹೋಗ್ಲಿ. ಆದ್ರ ಎರಡು ವರ್ಷ ಈ ಹುಡುಗೀನ ನೋಡೀನಿ ನಾ. ಪಾಟಿ ಮ್ಯಾಲೆ ಲೆಕ್ಕಾ ಮಾಡು ಅಂದ್ರ ಲೆಕ್ಕದ ಸುತ್ತ ಕ್ವಾಣಾ ತೆಗೀತಾಳ. ಇದು ಆಕಿದ ಚಿತ್ರ ಅಂತ ನಾ ಹೇಳ್ತೀನಿ. ಇಳಸೂದಿದ್ರ ನಮ್ಮ ಸಾಲಿ ಚಿತ್ರ ಎಲ್ಲಾ ಇಳಸ್ರಿ, ನನ್ನ ಕೈಲೆ ಇಳಸ್ರಿ. ಆ ಕೂಸಿನ ಕೈಲೆ ಬ್ಯಾಡ."

"ಅಲ್ರಿ ಬಾಯಾರ, ನೀವ ನೋಡಿಲ್ಲಂತೀರಿ, ಮತ್ತ ಆಕಿದ ಅಂತೀರಿ..." ಎಂದು ಶುರುಮಾಡಿದ ತ್ರ್ಯಂಬಕ ಮಾಸ್ತರರು ಅರ್ಧಕ್ಕೇ ನಿಂತರು. ಅವರ ಕಣ್ಣು ಯಮುನಾಬಾಯಿಯನ್ನು ಬಿಟ್ಟು ಆಚೆ ಬದಿಯ ಖಾಲಿ ಗೋಡೆಗೆ ಹೋಗಿತ್ತು. ಕೈಯೆತ್ತಿ ಅತ್ತ ತೋರಿಸಿದರು. ಜನರೆಲ್ಲ ತಿರುಗಿದರು.

ದೊಡ್ಡವರು ಜಗಳಾಡುತ್ತಿದ್ದರೆ ಶಟ್ಟೆವ್ವ ತನಗೆ ಹೇಳಿದ ಕೆಲಸಕ್ಕೆ ಹತ್ತಿದ್ದಳು. ಹತ್ತಿ ತುಂಬಿದ ಅಂಡಿಗೆಗಳ ಮೇಲೆ ಗುರುತು ಹಾಕುವ ಕರಿ ಬಣ್ಣದ ಡಬ್ಬಿ, ದಪ್ಪ ಕುಂಚ ಮೂಲೆಯಲ್ಲಿದ್ದವು. ಅವನ್ನು ಎತ್ತಿಕೊಂಡು ಬಂದು, ಹೊಸ ಸುಣ್ಣದ ಬಿಳಿ ಗೋಡೆಯ ಮೇಲೆ ಚಿತ್ರ ತೆಗೆಯುತ್ತಿದ್ದಳು. ತಲೆಯಿಂದಲ್ಲ, ಕಣ್ಣಿನಿಂದಲ್ಲ. ನೆಲಕ್ಕೆ ಒತ್ತಿದ ಕಾಲ್ಬೆರಳುಗಳಿಂದ ಶುರುಮಾಡಿದ್ದಳು. ತುದಿಗಾಲ ಮೇಲೆ ನಿಂತ ಪಾದ, ಭಾರಕ್ಕೆ ಬಿಗಿದ ಮೀನಖಂಡ, ಚೂರೇ ಬಾಗಿದ ಮೊಣಕಾಲು. ಒಂದು ಗೆರೆಯನ್ನೂ ಅಳಿಸಲಿಲ್ಲ, ಅಳಿಸುವ ಬಣ್ಣವೂ ಅದಲ್ಲ. ಪರಕಾರದ ನಿರಿಗೆ ಬಂತು, ಬೆನ್ನ ಮೇಲೆ ಜೋಲುವ ಜಡೆ ಬಂತು, ಮೇಲಕ್ಕೆ ಚಾಚಿದ ಕೈ ಬಂತು, ಕೈಯಲ್ಲಿ ಕುಂಚ ಬಂತು. ಕೊನೆಗೆ ಹೆಗಲ ಮೇಲಿಂದ ಇತ್ತ ತಿರುಗಿದ ಮುಖ. ಬಾಯಲ್ಲಿ ಹಲ್ಲಿನ ನಡುವೆ ಹೊರಗೆ ಇಣುಕಿದ ನಾಲಿಗೆಯ ತುದಿ. ಗೋಡೆಯ ಮುಂದೆ ತುದಿಗಾಲಲ್ಲಿ ನಿಂತು ತೆಗೆಯುತ್ತಿದ್ದ ಹುಡುಗಿಯ ನಾಲಿಗೆಯೂ ಹಾಗೆಯೇ ಹೊರಗಿತ್ತು.

ಹೊರಗೆ ಮೋಟಾರು ಬಂದು ನಿಂತದ್ದು ಯಾರಿಗೂ ಕೇಳಿಸಲಿಲ್ಲ. ಧೂಳು ಮೆತ್ತಿದ ಕೋಟಿನಲ್ಲಿ ಒಳಗೆ ಬಂದ ಬಾಳಕೃಷ್ಣರಾಯರು ಗೋಡೆ ನೋಡಿ ಬಾಗಿಲಲ್ಲೇ ಎರಡೂ ಕೈ ಎತ್ತಿದರು.

"ಶಾಭಾಸ್! ಶಾಭಾಸ್ ಮಗಳ! ಅಲ್ರಿ ನಿಜಗುಣಪ್ಪನವರ, ನಾ ಬರೂತನಕಾ ತಡೀಬಾರದೇನ್ರಿ? ಇದನ್ನ ನೋಡಬೇಕಂತನ ಅಲ್ಲೇನು ನಾ ತೆಗಸ್ರಿ ಅಂತ ಬರದದ್ದು!"

ನಿಜಗುಣಪ್ಪನವರು ಜೇಬಿನಿಂದ ಚೀಟಿ ತೆಗೆದರು. ಓದಿದರು. ಗೋಡೆ ನೋಡಿದರು. ಮತ್ತೆ ಓದಿದರು.

"ಎಪ್ಪಾ! ತೆಗಸ್ರಿ ಅಂದ್ರ ಇದಾ? ನಾವು ಕಿತ್ತ ಹಾಕಸ್ರಿ ಅಂತ ತಿಳಕೊಂಡೇವಲ್ರೀ!"

ಯಾರೋ ಒಬ್ಬರು ಫಕ್ಕನೆ ನಕ್ಕರು, ಆ ನಗೆ ಸಾಲಿನಿಂದ ಸಾಲಿಗೆ ಹಬ್ಬಿ ವಖಾರಿಯ ತಗಡು ಗದಗುಟ್ಟಿತು. ಹುಟ್ಟಿದಾಗಿನಿಂದ ಚಿತ್ರವನ್ನು ‘ತೆಗೆಯುತ್ತಲೇ’ ಬಂದ ಊರು ಇದು. ಇಲ್ಲಿ ಯಾವ ಹುಡುಗನೂ ಚಿತ್ರ ಬರೆಯುವುದಿಲ್ಲ, ಬಿಡಿಸುವುದಿಲ್ಲ, ತೆಗೆಯುತ್ತಾನೆ. ಆದರೆ ಮನಸ್ಸಿನಲ್ಲಿ ಸಂಶಯ ಇಟ್ಟುಕೊಂಡು ಓದಿದ ಮೂವರು ಬಲ್ಲವರಿಗೆ ಅದೇ ಮಾತು ಕಿತ್ತುಹಾಕುವುದಾಗಿ ಕಂಡಿತ್ತು. ಸರಿಯಾಗಿ ತಿಳಿದುಕೊಂಡವಳು ಸಂಶಯವೆಂದರೇನೆಂದು ಗೊತ್ತಿಲ್ಲದ ಆ ಹುಡುಗಿ ಒಬ್ಬಳೇ.

"ಮರಾಠಿಯೊಳಗ ಬರದಿದ್ರೂ ಹೀಂಗ ಆಗ್ತಿತ್ತು ಬಿಡ್ರಿ, ಅಲ್ಲೂ ‘ಕಾಢಾ’ ಅಂದ್ರ ಎರಡೂ ಆಗ್ತದ," ಎಂದು ರಾಯರು ಕಣ್ಣೊರೆಸಿಕೊಳ್ಳುತ್ತ ನಕ್ಕರು.

ನಗದೆ ನಿಂತವರು ತ್ರ್ಯಂಬಕ ಮಾಸ್ತರರು. ಅವರು ಗೋಡೆಯ ಹತ್ತಿರ ಹೋಗಿ, ಬಗ್ಗಿ, ಹಸಿ ಬಣ್ಣದ ಆ ಮೊಣಕಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಜನರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು: "ತಪ್ಪು ನಂದು. ಚಕ್ಕಡಿ ಚಿತ್ರ ಈ ಹುಡುಗೀದ. ಇಪ್ಪತ್ತು ವರ್ಷ ತಂಬಗಿ ಕಲಿಸೀನಿ ನಾ, ಇಂಥಾ ಒಂದ ಮೊಣಕಾಲ ನನ್ನ ಕೈಯಿಂದ ಬಂದಿಲ್ಲ." ಆ ಮಾತಿಗೆ ಚಪ್ಪಾಳೆ ಬಿತ್ತು, ರಾಯರದೇ ಎಲ್ಲರಿಗಿಂತ ಮೊದಲು. ಯಮುನಾಬಾಯಿ ಆ ಗಳಿಗೆಯಲ್ಲಿ ಅವರ ತಾತ್ಸಾರವನ್ನೆಲ್ಲ ಕ್ಷಮಿಸಿಬಿಟ್ಟರು.

"ಮನ್ಯಾಗ ದೊಡ್ಡವರು ತೆಗದಾರ ಅಂದ್ರಂತ?" ಎಂದು ಸೋಮವ್ವ ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು. "ನಾ ತೆಗದಿದ್ರ ಎತ್ತಿಗೆ ಜೂಲಾ ಹಾಕಿ, ಕೋಡಿಗೆ ಗೊಂಡೆ ಕಟ್ಟಿ ಚಂದಗ ತೆಗೀತಿದ್ದೆ. ಕೆಸರಾಗ ಕೆಡವಿ ತೆಗೀತಿದ್ನೇನು? ಅದೂ ನನ್ನನ್ನ ಚಕ್ಕಡಿ ಮ್ಯಾಲೆ ಕುಂದರ್ಸಿ!" ಆಗಲೇ ಎಲ್ಲರಿಗೂ ತಿಳಿದದ್ದು, ಚಕ್ಕಡಿಯಿಂದ ಇಳಿಯದ ಮುದುಕಿ ಯಾರು ಎಂದು.

ನಿಜಗುಣಪ್ಪನವರು ಉದ್ಘಾಟನೆಗೆಂದು ಕಟ್ಟಿದ್ದ ಟೇಪನ್ನು ಮರೆತೇಬಿಟ್ಟಿದ್ದರು. ಕತ್ತರಿಯನ್ನು ರಾಯರ ಕೈಗೆ ಕೊಟ್ಟರೆ, ರಾಯರು ಅದನ್ನು ಶಟ್ಟೆವ್ವನ ಕೈಗೆ ಕೊಟ್ಟರು. ಕರಿ ಬಣ್ಣದ ಕೈಯಿಂದಲೇ ಅವಳು ಟೇಪು ಕತ್ತರಿಸಿದಳು. ಆಮೇಲೆ ಸಾವಕಾರರು ಆಳುಗಳನ್ನು ಕರೆದು, ಇನ್ನು ಮುಂದೆ ವಖಾರಿಗೆ ಸುಣ್ಣ ಹೊಡೆಯುವಾಗ ಆ ಗೋಡೆಯ ತಂಟೆಗೆ ಹೋದವರ ಕಾಲು ಮುರಿಯುವುದಾಗಿ ಎಲ್ಲರಿಗೂ ಕೇಳುವಂತೆ ಹೇಳಿದರು. ಅದೂ ಪುಣೆಯ ಹುಡುಗರಿಗೆ ಕೇಳಲಿ ಎನ್ನುವಷ್ಟು ಜೋರಾಗಿ.

ಗದ್ದಲದ ನಡುವೆ ಯಮುನಾಬಾಯಿ ಹುಡುಗಿಯನ್ನು ಹಿತ್ತಲ ಬಾವಿಯ ಹತ್ತಿರ ಕರೆದುಕೊಂಡು ಹೋದರು. ಮಣ್ಣು ಹಚ್ಚಿ ತಿಕ್ಕಿದರೂ ಆ ಬಣ್ಣ ಬೆರಳಿನಿಂದ ಹೋಗಲೊಲ್ಲದು. ತಿಕ್ಕುತ್ತ ತಿಕ್ಕುತ್ತ ಅವರಿಗೆ ಕಣ್ಣು ತುಂಬಿ ಬಂತು. ಹೇಳದೆ ಇದ್ದರೂ ನಡೆಯುತ್ತಿತ್ತು, ಹುಡುಗಿಗೆ ಅವರ ಸಂಶಯ ಗೊತ್ತಿರಲಿಲ್ಲ. ಆದರೆ ನಿನ್ನೆಯ ಒಂದು ಸುಳ್ಳೇ ಅವರಿಗೆ ಸಾಕಾಗಿತ್ತು.

"ಶಟ್ಟೆವ್ವಾ, ಚಕ್ಕಡಿ ಚಿತ್ರ ನೀ ತೆಗದಿಯೋ ಇಲ್ಲೋ ಅಂತ ನಂಗೂ ಸಂಶಯಾ ಇತ್ತು. ನಿನ್ನ ಅಕ್ಕೋರಾಗಿದ್ದೂ ಇತ್ತು."

ಶಟ್ಟೆವ್ವ ಸಿಟ್ಟಾಗಲಿಲ್ಲ, ಅಳಲಿಲ್ಲ. ಅದರಲ್ಲೇನು ವಿಶೇಷ ಎಂಬಂತೆ ಒದ್ದೆ ಕೈಗಳನ್ನು ಜಾಡಿಸಿ ಹೇಳಿದಳು:

"ನೀವು ಆಗ ನೋಡಿರ್ಲಿಲ್ಲಲ್ರೀ ಅಕ್ಕೋರ. ಈಗ ನೋಡಿದ್ರಲ್ಲಾ."